ಕಾಲನಿಯ ಮೊದಲ ಮನೆ

ನಾನು ಸೊಸೆಯಾಗಿ ಬಂದ ಊರು ರಬಕವಿಯಿಂದ ಒಂದು ಹರದಾರಿ ದೂರದಲ್ಲಿತ್ತು. ಅಲ್ಲಿ ಮನೆ ಎಂದರೆ ಮಗ್ಗ. ಹೊಸ್ತಿಲು ದಾಟಿದ ಕೂಡಲೇ ಮಗ್ಗದ ಕುಣಿ, ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಗಂಡಸು, ಪಕ್ಕದಲ್ಲಿ ರಾಟೆ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುವ ಹೆಂಗಸು. ಉಳಿದ ಗೇಣು ಜಾಗದಲ್ಲಿ ಒಲೆ, ಹಾಸಿಗೆ, ನೀರಿನ ಕೊಡ. ಆಗಷ್ಟೇ ನಡೆಯಲು ಕಲಿತ ಕೂಸು ಕುಣಿಗೆ ಬೀಳಬಾರದು ಎಂದು ಹಳೆಯ ಸೀರೆಯ ಅಂಚು ಹರಿದು ಅದರ ಸೊಂಟಕ್ಕೆ ಸುತ್ತಿ ಕಂಬಕ್ಕೆ ಕಟ್ಟುತ್ತಿದ್ದರು. ನನ್ನ ತವರು ರನ್ನ ಬೆಳಗಲಿ ಕಡೆ. ಅಲ್ಲಿ ಮಕ್ಕಳು ಹೊಲದ ಬದುವಿನ ಮೇಲೆ ಬಿದ್ದು ಎದ್ದು ದೊಡ್ಡವರಾಗುತ್ತಿದ್ದರು. ಮೊದಲ ಸಲ ಪಕ್ಕದ ಮನೆಯಲ್ಲಿ ಕಟ್ಟಿದ ಕೂಸನ್ನು ಕಂಡಾಗ ಗಂಟು ಬಿಚ್ಚಲು ಹೋದೆ. ಅತ್ತೆ ನನ್ನ ಕೈ ಹಿಡಿದರು.

"ಬಿಚ್ಚಬ್ಯಾಡವಾ, ಕುಣ್ಯಾಗ ಬೀಳತೈತಿ. ನಿನ್ನ ಗಂಡನ್ನೂ ಹಿಂಗ ಕಟ್ಟೇ ಬೆಳಸೇನಿ."

ಎಂಬತ್ತರ ದಶಕದ ಮೊದಲಲ್ಲಿ ನಮ್ಮೂರಿಗೆ ಅಂಗನವಾಡಿ ಮಂಜೂರಾಯಿತು. ಏಳನೆಯ ಇಯತ್ತೆ ಪಾಸಾದ ಸೊಸೆ ಓಣಿಯಲ್ಲಿ ನಾನೊಬ್ಬಳೇ ಇದ್ದೆ. ಹಾಗಾಗಿ ಕೆಲಸ ನನಗೆ ಬಂತು, ಮಕ್ಕಳಿಗೆ ಕಲಿಸುವವಳೆಂದು ಊರು ನನ್ನನ್ನು ಬಾಯಾರು ಎನ್ನತೊಡಗಿತು. ಮಕ್ಕಳನ್ನು ಕಂಬದಿಂದ ಬಿಚ್ಚಿಸಿ ಕರೆತರುವುದೇ ಮೊದಲ ಒಂದು ವರ್ಷದ ಕೆಲಸವಾಯಿತು. ಹಳದಿ ರವೆಯ ಉಪ್ಪಿಟ್ಟಿನ ವಾಸನೆ ಆ ಕೆಲಸದಲ್ಲಿ ನನಗಿಂತ ಹೆಚ್ಚು ನೆರವಾಯಿತು. ಉಪ್ಪಿಟ್ಟು ತಿರುವುತ್ತಿದ್ದವಳು ಸಹಾಯಕಿಯಾಗಿ ಬಂದ, ನೇಕಾರನೊಬ್ಬನ ವಯಸ್ಸಾದ ವಿಧವೆ. ಊರೆಲ್ಲ ಆಕೆಯನ್ನು ಕಾಕಿ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಆಕೆಗೆ ಮಕ್ಕಳಿರಲಿಲ್ಲ. ಯಾರದೋ ಹಿತ್ತಲ ಗೋಡೆಗೆ ಆನಿಸಿ ಕಟ್ಟಿದ ಜೋಳದ ಕಣಿಕೆಯ ಗುಡಿಸಲಲ್ಲಿ ಇರುತ್ತಿದ್ದಳು. ಮಳೆಗಾಲದಲ್ಲಿ ಆ ಗುಡಿಸಲಿನೊಳಗೆ ನೀರು ಬಂದರೆ ಅಂಗನವಾಡಿಯ ರವೆಯ ಚೀಲದ ಮೇಲೆ ಕುಳಿತು ಬೆಳಗು ಮಾಡುತ್ತಿದ್ದಳು.

ಅದೇ ಸುಮಾರಿಗೆ ಸರಕಾರ ನೇಕಾರರಿಗೆಂದು ಊರ ಹೊರಗೆ ಕಾಲನಿ ಕಟ್ಟಲು ಶುರು ಮಾಡಿತು. ಕಲ್ಲಿನ ಗೋಡೆ, ಮೇಲೆ ಚಪ್ಪಡಿಯ ಮಾಳಿಗೆ, ಪ್ರತಿ ಮನೆಗೂ ಮಗ್ಗಕ್ಕೆಂದೇ ಬೇರೆ ಅಂಕಣ. ಮಗ್ಗ ಬೇರೆ, ಒಲೆ ಬೇರೆ ಎನ್ನುವ ಮನೆಯನ್ನು ನಮ್ಮ ಓಣಿಯವರು ಸಾಹುಕಾರರ ವಾಡೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಕಂಡಿರಲಿಲ್ಲ. ಸಂಜೆ ಮಗ್ಗ ನಿಲ್ಲಿಸಿದವರು ನೇರ ಅಲ್ಲಿಗೇ ನಡೆಯುತ್ತಿದ್ದರು. ಕಟ್ಟುತ್ತಿದ್ದ ಗೋಡೆಗಳ ನಡುವೆ ನಿಂತು, ಇಲ್ಲಿ ಮಗ್ಗ, ಇಲ್ಲಿ ಹಾಸು ಹೂಡುವುದು, ಇಲ್ಲಿ ದೇವರು ಎಂದು ಕೈ ಮಾಡಿ ತೋರಿಸುತ್ತಿದ್ದರು. ನಮಗೆ ಹಿರಿಯರ ಮನೆಯಿದ್ದುದರಿಂದ ಅಲ್ಲಿ ನಮ್ಮ ಪಾಲಿರಲಿಲ್ಲ. ಕಾಕಿಗಿತ್ತು. ಸಾಲಿನ ಮೂರನೆಯ ಮನೆ. ಆಕೆ ಬಾಗಿಲಿಲ್ಲದ ಆ ಮನೆಯನ್ನು ದಿನಾ ಗುಡಿಸಿ ಬರುತ್ತಿದ್ದಳು.

ಕಾಲನಿಯ ಮೊದಲ ಮನೆಯನ್ನು ಅಂಗನವಾಡಿಗೆ ಕೊಟ್ಟರು. ಉಳಿದ ಮನೆಗಳ ಕೀಲಿಕೈ ಕೊಡುವುದು ತಡವಾಗುತ್ತದೆ, ಮಕ್ಕಳು ಮೊದಲು ಬರಲಿ ಎಂದು ಪಂಚಾಯತಿಯ ಚೇರಮನ್ನರೇ ನಿಂತು ನಮ್ಮನ್ನು ಬೇಸಿಗೆಯಲ್ಲಿ ಅಲ್ಲಿಗೆ ಕಳಿಸಿದ್ದರು. ಅವರು ಮಾತಿನಲ್ಲಿ ಒರಟು, ಆದರೆ ಈ ಕಾಲನಿಗಾಗಿ ಜಮಖಂಡಿ, ವಿಜಾಪುರ ಎಂದು ಚಪ್ಪಲಿ ಸವೆಸಿದವರು. ಅದನ್ನು ಇಲ್ಲವೆನ್ನಲು ಯಾರಿಗೂ ಬಾಯಿರಲಿಲ್ಲ.

ಮಳೆಗಾಲ ಬಂತು. ಆ ನೆಲ ಕಪ್ಪು ಎರೆ ಮಣ್ಣಿನದು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಒಂದು ಬೆಳಗ್ಗೆ ಹೋಗಿ ಕೀಲಿ ತೆಗೆದರೆ ಬಾಗಿಲು ಜಗ್ಗಲಿಲ್ಲ. ಕಾಕಿ ಭುಜ ಕೊಟ್ಟು ನೂಕಿದಳು. ಕಿರ್ರೆಂದು ಅರ್ಧ ತೆರೆಯಿತು. ಮಳೆಗೆ ಕಟ್ಟಿಗೆ ಉಬ್ಬಿರಬೇಕು ಎಂದುಕೊಂಡೆವು. ಎರಡು ದಿನ ಬಿಟ್ಟು ನೋಡಿದಾಗ ಬಾಗಿಲ ಪಕ್ಕದ ಗೋಡೆಯ ಬುಡದಿಂದ ಬಾಗಿಲ ಮೇಲಿನ ಕಲ್ಲಿನ ಮೂಲೆ ದಾಟಿ ಚಪ್ಪಡಿಯವರೆಗೆ ಒಂದು ಬಿರುಕು ಏರಿತ್ತು. ಮಕ್ಕಳು ಅದರೊಳಗೆ ಹುಣಸೆ ಬೀಜ ತುರುಕಿ ಆಡುತ್ತಿದ್ದರು. ಒಂದು ಹುಡುಗಿ ನನ್ನ ಸೆರಗು ಜಗ್ಗಿ, "ಬಾಯಾರ, ನನ್ನ ಬೀಜ ಒಳಗ ಹೋತು, ಬರವಲ್ದು" ಎಂದು ಅತ್ತಳು. ನಾನು ಬೆರಳು ಹಾಕಿ ನೋಡಿದೆ. ಬೆರಳಿಗೆ ಬೀಜ ಸಿಗಲಿಲ್ಲ, ತಣ್ಣನೆಯ ಗಾಳಿ ತಾಗಿತು. ಹೊರಗಿನ ಗಾಳಿ!

ಅಂದು ಉಪ್ಪಿಟ್ಟು ಬಡಿಸುವಾಗ ಮೇಲಿನಿಂದ ಸಣ್ಣಗೆ ಉಸುಕು ಉದುರಿ ಪಾತೆಲಿಗೆ ಬಿತ್ತು. ನಾನು ಮೇಲೆ ನೋಡಿದೆ. ಚಪ್ಪಡಿ ಗೋಡೆಯ ಮೇಲೆ ಕೂತ ಜಾಗದಲ್ಲಿ ಗಚ್ಚು ಬಾಯಿ ಬಿಟ್ಟಿತ್ತು. ಆ ಒಂದೊಂದು ಕಲ್ಲನ್ನು ಮೇಲೇರಿಸಲು ಎಷ್ಟು ಜನ ಹಗ್ಗ ಹಿಡಿದು ಕೂಗುತ್ತಿದ್ದರು ಎನ್ನುವುದನ್ನು ನಾನೇ ನಿಂತು ನೋಡಿದ್ದೆ. ಅದರ ಕೆಳಗೆ ಮಕ್ಕಳು ಸಾಲಾಗಿ ತಾಟು ಹಿಡಿದು ಕುಳಿತಿದ್ದರು.

"ಏಳ್ರಿ, ಎಲ್ಲಾರೂ ಏಳ್ರಿ. ಇವತ್ತ ಗುಡಿ ಕಟ್ಟಿ ಮ್ಯಾಲ ಉಣ್ಣೂಣು," ಎಂದೆ. ಮಕ್ಕಳು ಅದನ್ನು ಹಬ್ಬವೆಂದುಕೊಂಡು ಕುಣಿಯುತ್ತ ಹೊರಗೆ ಬಂದವು.

ಮರುದಿನದಿಂದ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆಯೇ ಅಂಗನವಾಡಿ ನಡೆಸಿದೆ. ಊರಿಗೆ ಸುದ್ದಿ ಹಬ್ಬಿತು. ಅದೇ ವಾರದ ಕೊನೆಗೆ ಕಾಲನಿಯ ಕೀಲಿಕೈ ಹಂಚುವ ಕಾರ್ಯಕ್ರಮವಿತ್ತು. ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಸಂಜೆ ಚೇರಮನ್ನರು ನಮ್ಮ ಮನೆಗೆ ಬಂದರು. ನನ್ನ ಗಂಡ ಮಗ್ಗದಿಂದ ಎದ್ದು ನಿಂತರು.

"ಬಾಯಾರ, ಗುಡಿ ಕಟ್ಟಿ ಮ್ಯಾಲ ಎದಕ ಕುಂತೀರಿ?"

"ಗ್ವಾಡಿ ಬಿಟ್ಟೈತ್ರಿ. ಮ್ಯಾಲಿಂದ ಉಸುಕು ಉದರಾಕತ್ತೈತಿ."

"ಹೊಸಾ ಕಟ್ಟಡ ಅಂದ್ರ ಒಂದೀಟ ಕೂಡ್ರತೈತಿ. ಇಂಜಿನಿಯರ ನೋಡ್ಯಾನ, ಗಿಲಾವ ಮಾಡಸೂಣು ಅಂದಾನ. ನಾಕ ದಿನ ಸುಮ್ನಿರ್ರಿ. ಸಾಹೇಬರು ಬಂದ ದಿನ ಹುಡುಗೂರು ಒಳಗ ಕುಂತಿರಬೇಕು. ಅಂಗನವಾಡಿ ಖಾಲಿ ಇದ್ರ ಯಾಕ ಅಂತ ಕೇಳತಾರ. ಕೇಳಿದ್ರ ಎಲ್ಲಾ ನಿಂದರತೈತಿ. ಒಮ್ಮಿ ನಿಂತ ಕೆಲಸ ಮತ್ತ ಯಾವಾಗ ಚಾಲೂ ಆಗತೈತೋ ಆ ಶಿವನಿಗೇ ಗೊತ್ತು."

"ಹುಡುಗೂರ್ನ ನಾ ಒಳಗ ಕೂಡ್ರಸೂದಿಲ್ರಿ."

ಅವರು ನನ್ನ ಗಂಡನತ್ತ ತಿರುಗಿದರು. "ನೀನರ ಹೇಳಪಾ. ಊರ ಮಂದಿ ಬಾಯಾಗ ಮಣ್ಣ ಬೀಳತೈತಿ."

ನನ್ನ ಗಂಡ ಅವರನ್ನು ಬಾಗಿಲವರೆಗೆ ಕಳಿಸಿ ಬಂದರು. ಅವರು ಹೋದ ಮೇಲೆ, "ನೀ ಅನ್ನೂದು ಖರೆ ಇರಬಹುದು. ಆದ್ರ ಆ ಮನಿ ಬಿಟ್ರ ನಮ್ಮ ಮಂದಿಗೆ ಇನ್ನೊಂದು ಯಾರ ಕೊಡತಾರ?" ಎಂದು ಮತ್ತೆ ಕುಣಿಗಿಳಿದರು. ಲಾಳಿಯ ಸದ್ದು ಅಂದು ಬಹಳ ಹೊತ್ತು ನಿಲ್ಲಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ.

ಕಾಕಿಯ ಮಾತು ಮಾತ್ರ ನೇರ ಎದೆಗೆ ಬಂತು. ಮರುದಿನ ಗುಡಿಯ ಹಿಂದೆ ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದಳು. ಮಳೆಗೆ ಕಟ್ಟಿಗೆ ಹಸಿಯಾಗಿತ್ತು. ಊದಿ ಊದಿ ಕಣ್ಣು ಕೆಂಪಾಗಿದ್ದವು.

"ನಿನಗ ಮನಿ ಐತಿ, ಮಾತಾಡ್ತಿ," ಎಂದಳು ನನ್ನ ಕಡೆ ನೋಡದೆ. "ಮಳಿ ಬಂದಾಗ ಕಾಲ ಮಡಚಿ ಕುಂದ್ರೂದು ನಿನಗ ಗೊತ್ತಿಲ್ಲ. ಬಿದ್ರ ನನ್ನ ಮ್ಯಾಲ ಬೀಳ್ಲಿ. ಮನ್ಯಾಗ ಸತ್ತೆ ಅನ್ನೂದರ ಆಗತೈತಿ."

"ನಿನ್ನ ಮನಿ ಬ್ಯಾಡ ಅಂತ ನಾ ಎಲ್ಲೆ ಅಂದೆ ಕಾಕಿ? ಹುಡುಗೂರು…"

"ಮೊದಲನೇ ಮನಿ ಬಿರಕ ಬಿಟ್ಟೈತಿ ಅಂದ್ರ ಮೂರನೇದರ ಕೀಲಿಕೈ ಯಾರ ಕೊಡ್ತಾರ? ತಿಳೀದೇನ ನಿನಗ?"

ಆಮೇಲೆ ಆಕೆ ನನ್ನೊಡನೆ ಮಾತು ಬಿಟ್ಟಳು. ಬಾವಿಗೆ ಹೋದರೆ ಹೆಂಗಸರು ಹಗ್ಗ ಸರಿಸಿ ಜಾಗ ಕೊಡುತ್ತಿದ್ದರು, ಆದರೆ ಬಾಯಿ ತೆರೆಯುತ್ತಿರಲಿಲ್ಲ. ಮಕ್ಕಳು ಕಡಿಮೆಯಾದವು. ನಾನು ಮನೆ ಮನೆಗೆ ಹೋಗಿ ಕರೆದರೆ ತಾಯಂದಿರು ರಾಟೆಯಿಂದ ಕಣ್ಣೆತ್ತದೆ "ಜ್ವರ ಬಂದಾವ್ರಿ" ಎನ್ನುತ್ತಿದ್ದರು. ಜ್ವರ ಬಂದ ಮಗು ಅಲ್ಲೇ ಕಂಬದ ಸುತ್ತ ಆಡುತ್ತಿರುತ್ತಿತ್ತು.

ಕಾರ್ಯಕ್ರಮದ ದಿನ ಬೆಳಗಿನಿಂದ ಮೋಡ. ಕಾಲನಿಯ ಮುಂದೆ ಪೆಂಡಾಲು ಹಾಕಿ ಮಾವಿನ ತೋರಣ ಕಟ್ಟಿದ್ದರು. ಬಾಜಾದವರು ಬಂದಿದ್ದರು. ಅಂಗನವಾಡಿಯ ಬಿರುಕಿನ ಮೇಲೆ ಹೊಸ ಸಿಮೆಂಟಿನ ಗಿಲಾವು ಬಳಿದು ಸುಣ್ಣ ಹೊಡೆದಿದ್ದರು. ಮನೆ ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು. ನನಗೆ ಆರತಿ ತಾಟು ಕೊಟ್ಟು ಪೆಂಡಾಲಿನ ಬಾಯಲ್ಲಿ ನಿಲ್ಲಿಸಿದರು. ಮಕ್ಕಳನ್ನು ಗುಡಿಯ ಕಟ್ಟೆಯ ಮೇಲೆ ಕಾಕಿಯ ಹತ್ತಿರ ಬಿಟ್ಟಿದ್ದೆ. ಹಬ್ಬದ ಬಟ್ಟೆ ಹಾಕಿಸಿ ತಾಯಂದಿರು ಅಂದು ಎಲ್ಲರನ್ನೂ ಕಳಿಸಿದ್ದರು.

ಎಷ್ಟೋ ಹೊತ್ತು ನಿಂತೆ. ಅಧಿಕಾರಿಯ ಜೀಪು ಬರಲಿಲ್ಲ. ಹಾಗೇ ತಿರುಗಿ ನೋಡಿದರೆ ಅಂಗನವಾಡಿಯ ಬಾಗಿಲು ತೆರೆದಿತ್ತು, ಒಳಗೆ ಕೆಂಪು, ಹಳದಿ ಅಂಗಿಗಳು ಕಂಡವು. ಚೇರಮನ್ನರು ಹೇಳಿದ್ದರು, ಕಾಕಿ ಕರೆತಂದಿದ್ದಳು.

ಆರತಿ ತಾಟು ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ. ಓಡಿದೆ. ಒಳಗೆ ಹೋದಾಗ ಮಕ್ಕಳು ಗೋಡೆಗೆ ಬೆನ್ನು ಕೊಟ್ಟು ಜಮಖಾನದ ಮೇಲೆ ಕುಳಿತಿದ್ದವು. ಕಾಕಿ ನನ್ನನ್ನು ಕಂಡು ಮುಖ ತಿರುಗಿಸಿದಳು. ನಾನು ಎರಡು ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳುವಷ್ಟರಲ್ಲಿ ಮಳೆ ಒಮ್ಮೆಲೇ ಸುರಿಯಿತು. ಪೆಂಡಾಲಿನ ಜನ ಚದುರಿ ಆಸರೆಗೆಂದು ನಮ್ಮ ಕಡೆ ನುಗ್ಗಿದರು. ಗದ್ದಲ ಕೇಳಿ ಮಕ್ಕಳು ಹೊರಗೆ ಓಡಲು ಎದ್ದವು. ಚೇರಮನ್ನರು ಹೊರಗಿನಿಂದ ಕೂಗಿದರು, "ಬಾಗಲಾ ಹಾಕಲೇ, ಹುಡುಗೂರು ತುಳಿದಾಟದಾಗ ಸಿಗತಾವ!"

ಕಾಕಿ ಇದ್ದಬದ್ದ ಬಲ ಹಾಕಿ ಬಾಗಿಲು ನೂಕಿದಳು. ಅದು ಚೌಕಟ್ಟಿನೊಳಗೆ ಹೊಕ್ಕು ಕೂತಿತು. ಮೇಲೆ ಏನೋ ಮುರಿದ ಹಾಗೆ ಸದ್ದಾಯಿತು. ಹೊಸ ಗಿಲಾವು ದೊಡ್ಡ ಹಪ್ಪಳದಂತೆ ಕಳಚಿ ನಮ್ಮ ಕಾಲ ಹತ್ತಿರ ಬಿತ್ತು. ಅದರ ಹಿಂದಿನ ಬಿರುಕು ನಾನು ಮೊದಲು ನೋಡಿದ್ದಕ್ಕಿಂತ ಅಗಲವಾಗಿತ್ತು. ಅದರಲ್ಲಿ ಬೆಳಕು ಕಾಣುತ್ತಿತ್ತು.

ಕಾಕಿ ಬಾಗಿಲು ಎಳೆದಳು. ನಾನೂ ಎಳೆದೆ. ಬರಲಿಲ್ಲ. ಕಿಟಕಿಗೆ ಕಬ್ಬಿಣದ ಸರಳು.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮಾತು ಬಿಟ್ಟ ಮೇಲೆ ಆಕೆ ನನ್ನ ಮುಖ ನೋಡಿದ್ದು ಆಗಲೇ. ಮಾತಿಲ್ಲದೆ ಮಕ್ಕಳನ್ನು ಎತ್ತಿ ಎತ್ತಿ ಬಿರುಕಿಲ್ಲದ ಮೂಲೆಗೆ ಸೇರಿಸಿದೆವು. ನಾನು ಅವುಗಳ ಮುಂದೆ ಕುಳಿತು ಚಪ್ಪಾಳೆ ತಟ್ಟುತ್ತ ದಿನಾ ಹೇಳಿಸುತ್ತಿದ್ದ ಪದ್ಯ ಶುರು ಮಾಡಿದೆ. ಮಕ್ಕಳು ಗಟ್ಟಿಯಾಗಿ ಹೇಳಿದವು, ಯಾಕೆಂದರೆ ಅವಕ್ಕೆ ಏನೂ ಗೊತ್ತಿರಲಿಲ್ಲ. ತಿರುಗಿ ನೋಡಿದರೆ ಕಾಕಿ ಬಿರುಕು ಬಿಟ್ಟ ಗೋಡೆಗೆ ಬೆನ್ನು ಕೊಟ್ಟು, ಕಾಲು ನೆಲಕ್ಕೆ ಊರಿ ನಿಂತಿದ್ದಳು.

"ಕಾಕಿ, ಈಕಡೆ ಬಾ!"

"ನೀ ಹುಡುಗೂರ್ನ ನೋಡು. ನಾ ಇಲ್ಲೇ ನಿಂದರತೇನಿ."

ಕಲ್ಲಿನ ಗೋಡೆಯನ್ನು ಒಬ್ಬ ಮುದುಕಿಯ ಬೆನ್ನು ಹಿಡಿದು ನಿಲ್ಲಿಸುವುದುಂಟೇ? ಆದರೂ ಆಕೆ ಅಲುಗಲಿಲ್ಲ.

ಹೊರಗೆ ಕೂಗಾಟ ಎದ್ದಿತು. ಯಾರೋ ಬಾಗಿಲಿಗೆ ಕಲ್ಲಿನಿಂದ ಗುದ್ದಿದರು. ಗುದ್ದಿದ ಕೂಡಲೇ ಮೇಲಿನಿಂದ ಮಣ್ಣು ಸುರಿಯಿತು. ಮಕ್ಕಳ ಪದ್ಯ ನಿಂತು ಅಳು ಶುರುವಾಯಿತು. ಆಗ ಒಂದು ಎಳೆಯ ದನಿ ಕಿರುಚಿತು, "ಹೊಡೀಬೇಡಿ! ಯಾರೂ ಹೊಡೀಬೇಡಿ! ಚೌಕಟ್ಟು ಕಿತ್ತರೆ ಮೇಲಿನ ಕಲ್ಲು ಬರುತ್ತೆ!"

ಅದು ಮೈಸೂರು ಕಡೆಯಿಂದ ಬಂದ ಇಂಜಿನಿಯರನ ದನಿ. ಮೀಸೆ ಸರಿಯಾಗಿ ಬಾರದ ಹುಡುಗ. ಗಿಲಾವು ಮಾಡಿಸೋಣ ಎಂದವನೂ ಅವನೇ. ಅವನು ಕಿಟಕಿಯ ಸರಳಿಗೆ ಮುಖ ಒತ್ತಿ ಒಳಗೆಲ್ಲ ನೋಡಿದ. "ಅಮ್ಮಾ, ನೀವು ಇರೋ ಮೂಲೆ ಸರಿ ಇದೆ. ಅಲ್ಲೇ ಇರಿ. ಬಾಗಿಲನ್ನ ಕೊಯ್ದು ತೆಗೀತೀವಿ, ಚೌಕಟ್ಟು ಮುಟ್ಟಲ್ಲ," ಎಂದ.

ನನ್ನ ಗಂಡ ಮಳೆಯಲ್ಲಿ ಓಡಿಹೋಗಿ ಮಗ್ಗ ಮಾಡುವ ಬಡಿಗೇರನನ್ನು ಗರಗಸದೊಡನೆ ಕರೆತಂದರು. ಹಲಗೆಯ ನಡುವೆ ತೂತು ಕೊರೆದು ಗರಗಸ ಇಳಿಸಿದರು. ಅದು ಮಗ್ಗದ ಕೆಲಸದ ನಾಜೂಕಿನ ಗರಗಸ. ಸರ್, ಸರ್ ಎಂದು ನಿಧಾನವಾಗಿ ಬರುತ್ತಿತ್ತು. ಪ್ರತಿ ಎಳೆತಕ್ಕೂ ನಾನು ಚಪ್ಪಡಿಯ ಕಡೆ ನೋಡುತ್ತಿದ್ದೆ. ಹೊರಗೆ ತಾಯಂದಿರು ಒಬ್ಬೊಬ್ಬರೇ ತಮ್ಮ ಕೂಸಿನ ಹೆಸರು ಹಿಡಿದು ಕರೆಯುತ್ತಿದ್ದರು. ಆ ಕರೆ ಕೇಳಿ ಮಕ್ಕಳು ಬಾಗಿಲ ಕಡೆ ಓಡಲು ನೋಡುತ್ತಿದ್ದವು. ಎರಡೂ ತೋಳು ಚಾಚಿ ತಡೆದು ಕೂತಿದ್ದೆ. ಒಬ್ಬ ಹುಡುಗ ಬಿಡಿಸಿಕೊಳ್ಳಲು ನನ್ನ ಮುಂಗೈ ಕಚ್ಚಿದ. ಬಿಡಲಿಲ್ಲ.

ಕೊನೆಗೆ ಬಾಗಿಲಿನ ಕೆಳಗಿನ ಅರ್ಧ ಕಳಚಿತು. ಆ ಕಿಂಡಿಯ ಆಚೆ ಕೆಸರಿನಲ್ಲಿ ಮಂಡಿಯೂರಿ ಕೈ ಚಾಚಿದ್ದವರು ಚೇರಮನ್ನರು. ಟೊಪ್ಪಿಗೆ ಎಲ್ಲೋ ಬಿದ್ದಿತ್ತು, ಬಿಳಿ ಧೋತರ ಕೆಸರಾಗಿತ್ತು.

"ಕೊಡ್ರಿ ಬಾಯಾರ. ಸಣ್ಣವರ್ನ ಮೊದಲ ಕೊಡ್ರಿ. ಬಾರೋ ನನ್ನಪ್ಪಾ, ಬಾ."

ಒಂದೊಂದಾಗಿ ಮಕ್ಕಳನ್ನು ಬಗ್ಗಿಸಿ ಆಚೆ ದಾಟಿಸಿದೆ. ಅವರು ಎತ್ತಿ ಹಿಂದಕ್ಕೆ ಕೊಡುತ್ತಿದ್ದರು, ಹಿಂದಿನವರು ಇನ್ನೂ ಹಿಂದಕ್ಕೆ. ಕೊನೆಯ ಮಗು ಹೋದ ಮೇಲೆ, "ಕಾಕಿ, ನೀ ಹೋಗು," ಎಂದೆ. ಗೋಡೆಯಿಂದ ಬೆನ್ನು ತೆಗೆದರೆ ಏನಾಗುತ್ತದೋ ಎನ್ನುವ ಹಾಗೆ ಆಕೆ ಮೆಲ್ಲಗೆ ಸರಿದಳು. ಏನೂ ಆಗಲಿಲ್ಲ. ಇಬ್ಬರೂ ತೆವಳಿಕೊಂಡು ಹೊರಗೆ ಬಂದೆವು.

ಅಷ್ಟರಲ್ಲಿ ಜೀಪು ಬಂದು ನಿಂತಿತ್ತು. ಅಧಿಕಾರಿಗಳು ಕೊಡೆ ಹಿಡಿದು ಎಲ್ಲವನ್ನೂ ನೋಡುತ್ತ ನಿಂತಿದ್ದರು. ಅಧಿಕಾರಿಗಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ನೀವೇ ಕಾರ್ಯಕರ್ತೆಯೇ? ಗೋಡೆ ಹೀಗಿರುವುದು ಮೊದಲೇ ಗೊತ್ತಿತ್ತೇ?"

ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ಚೇರಮನ್ನರು ಕೆಸರಿನಲ್ಲೇ ಕೂತಿದ್ದರು. ಇಂಜಿನಿಯರ್ ಹುಡುಗ ನೆಲ ನೋಡುತ್ತಿದ್ದ. ಗೊತ್ತಿತ್ತು ಎಂದರೆ ಅಂದಿನ ಕೀಲಿಕೈಗಳು ಜೀಪಿನಲ್ಲೇ ಮರಳಿ ಹೋಗುತ್ತವೆ. ಗೊತ್ತಿರಲಿಲ್ಲ ಎಂದರೆ ನಾಳೆ ಉಳಿದ ಮನೆಗಳಲ್ಲಿ ಇದೇ ಮಕ್ಕಳು ಮಲಗುತ್ತವೆ. ಹೇಳಲೇಬೇಕೆಂದು ಬಾಯಿ ತೆರೆದೆ. ನನಗಿಂತ ಮೊದಲು ಪಕ್ಕದಿಂದ ದನಿ ಬಂತು.

"ಗೊತ್ತಿತ್ರಿ," ಎಂದಳು ಕಾಕಿ. ಆಕೆಯ ಬೆನ್ನ ಮೇಲೆ ಸುಣ್ಣ ಮೆತ್ತಿತ್ತು. "ಈಕಿ ಹೇಳಿದ್ಲು. ನಾವ ಕೇಳಲಿಲ್ಲ. ಮನಿ ಕೈ ಬಿಟ್ಟ ಹೋಗತೈತಿ ಅಂತ ಕೇಳಲಿಲ್ರಿ."

ಅಧಿಕಾರಿಗಳು ಮಳೆಯಲ್ಲಿ ಪ್ರತಿ ಮನೆಯ ಸುತ್ತ ನಡೆದು ನೋಡಿದರು. ಅಂದು ಯಾರಿಗೂ ಕೀಲಿಕೈ ಸಿಗಲಿಲ್ಲ.

ಆ ಮೇಲಿನ ತಿಂಗಳುಗಳನ್ನು ನೆನೆಯುವುದು ನನಗೆ ಈಗಲೂ ಕಷ್ಟ. ಮಗು ಸಿಕ್ಕಿತೆಂದು ನನ್ನ ಕೈ ಹಿಡಿದು ಅತ್ತ ತಾಯಂದಿರೇ ಮರು ಸಂತೆಯ ಹೊತ್ತಿಗೆ, "ಎಲ್ಲಾ ಆಗಿತ್ತು, ಬಾಯಾರ ಕಾಲಗುಣ," ಎನ್ನತೊಡಗಿದರು. ಮನೆ ಕೈಗೆ ಬಂದು ತಪ್ಪಿದವರ ನೋವು ಅದು. ಕಾಕಿ ಇನ್ನೊಂದು ಮಳೆಗಾಲವನ್ನು ಕಣಿಕೆಯ ಗುಡಿಸಲಲ್ಲೇ ಕಳೆದಳು. ಗುಡಿಸಲಿಗೆ ನೀರು ಬಂದ ದಿನಗಳಲ್ಲಿ ನನ್ನ ಅತ್ತೆ ಹೋಗಿ ಆಕೆಯನ್ನು ನಮ್ಮ ಮನೆಗೆ ಕರೆತರುತ್ತಿದ್ದರು. ಮಗ್ಗದ ಪಕ್ಕದಲ್ಲಿ ಮಲಗಿದಾಗ ಒಮ್ಮೆಯೂ ಆಕೆ ಆ ಮನೆಯ ಮಾತು ಎತ್ತಲಿಲ್ಲ. ಅದು ಬೈಗುಳಕ್ಕಿಂತ ಭಾರವಾಗಿತ್ತು.

ಚೇರಮನ್ನರು ಮತ್ತೆ ಓಡಾಡಿದರು. ಈ ಸಲ ಇಂಜಿನಿಯರನೂ ಅವರ ಜೊತೆಗಿದ್ದ. ಮುಂದಿನ ಬೇಸಿಗೆಗೆ ಕೆಲಸ ಮತ್ತೆ ಶುರುವಾಯಿತು. ಮನೆಗಳ ಬುಡದ ಎರೆ ಮಣ್ಣನ್ನು ಅಗೆದು ತೆಗೆದು ಗರಸು ಮಣ್ಣು ತುಂಬಿ ಬಡಿದರು, ಪಾಯಕ್ಕೆ ಹೊಸ ಕಲ್ಲು ಕೊಟ್ಟರು. ಅಂಗನವಾಡಿಯ ಮನೆಯನ್ನು ಮಾತ್ರ ಪೂರಾ ಕೆಡವಬೇಕೆಂದು ತೀರ್ಮಾನವಾಯಿತು. ಕೆಡವುವ ದಿನ ನಾನೂ ಹೋಗಿದ್ದೆ. ಚಪ್ಪಡಿ ಇಳಿಸಿದ ಮೇಲೆ ಆಳುಗಳು ಹಾರೆ ಹಾಕಿ ಮೀಟಿದರೆ ಆ ಬಿರುಕು ಬಿಟ್ಟ ಗೋಡೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸಂಜೆಯವರೆಗೂ ಹೊಡೆದರು. ಒಂದೊಂದೇ ಕಲ್ಲನ್ನು ಕಿತ್ತು ತೆಗೆಯಬೇಕಾಯಿತು.

ಚೇರಮನ್ನರು ನನ್ನ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. "ನೋಡ್ರಿ ಬಾಯಾರ, ಗ್ವಾಡಿ ಗಟ್ಟಿ ಇತ್ತು," ಎಂದರು. ಅದು ಚುಚ್ಚು ಮಾತೋ ಹಗುರ ಮಾತೋ ತಿಳಿಯಲಿಲ್ಲ.

"ಇರಬಹುದ್ರಿ," ಎಂದೆ.

ಅವರು ಕಿತ್ತ ಕಲ್ಲೊಂದನ್ನು ಕಾಲಿನಿಂದ ಸರಿಸಿ, "ನನಗ ಇನ್ನೂ ಕನಸಿನ್ಯಾಗ ಆ ಗರಗಸದ ಸಪ್ಪಳ ಕೇಳತೈತಿ," ಎಂದು ಹೊರಟುಹೋದರು.

ಅಂದು ಆ ಗೋಡೆ ಬೀಳುತ್ತಿತ್ತೇ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಬೀಳುತ್ತಿರಲಿಲ್ಲವೇನೋ. ಗೊತ್ತಿಲ್ಲದ್ದರ ಕೆಳಗೆ ಮಕ್ಕಳನ್ನು ಕೂರಿಸಲು ನನ್ನಿಂದ ಆಗಲಿಲ್ಲ, ಅಷ್ಟೇ.

ಕೀಲಿಕೈ ಸಿಕ್ಕಿದ್ದು ಆ ವರ್ಷ ದೀಪಾವಳಿಯ ಹತ್ತಿರ, ಪೆಂಡಾಲು, ಬಾಜಾ ಏನೂ ಇಲ್ಲದೆ. ನೋಡನೋಡುತ್ತ ಕಾಲನಿಯಲ್ಲಿ ಮಗ್ಗಗಳು ಕೂತವು. ಕೆಲವು ವರ್ಷಗಳಲ್ಲಿ ಅರ್ಧ ಮನೆಗಳಿಗೆ ಪಾವರ್‌ಲೂಮು ಬಂತು. ಅಂಗನವಾಡಿಗೆ ಬೇರೆ ಜಾಗದಲ್ಲಿ ಹಂಚಿನ ಮಾಡಿನ ಕೋಣೆ ಕಟ್ಟಿಕೊಟ್ಟರು.

ಕಾಕಿ ತನ್ನ ಮನೆಗೆ ಹಾಲುಕ್ಕಿಸುವ ದಿನ ನನ್ನನ್ನೇ ಮೊದಲು ಕರೆದಳು. ಹೊಸ್ತಿಲಿಗೆ ಕುಂಕುಮ ಹಚ್ಚಿ, "ನೀ ಮೊದಲ ಒಳಗ ಹೋಗು," ಎಂದಳು. ನಾನು ಒಳಗೆ ಕಾಲಿಟ್ಟವಳು ಅರಿವಿಲ್ಲದೆಯೇ ಬಾಗಿಲ ಮೇಲಿನ ಕಲ್ಲು, ಗೋಡೆಯ ಮೂಲೆ, ಚಪ್ಪಡಿಯ ಅಂಚು ಎಲ್ಲವನ್ನೂ ದಿಟ್ಟಿಸುತ್ತ ನಿಂತುಬಿಟ್ಟೆ.

"ಏನ ನೋಡಾಕತ್ತಿ?" ಎಂದಳು ಹಿಂದಿನಿಂದ.

"ಏನಿಲ್ಲ ಕಾಕಿ. ಛಲೋ ಐತಿ."

"ನೋಡು, ನೋಡು. ನಾನೂ ಮುಂಜಾನಿಂದ ಅದನ್ನ ನೋಡಾಕತ್ತೇನಿ," ಎಂದು ಆಕೆ ನಗುತ್ತ ಒಲೆಯ ಮೇಲೆ ಹಾಲಿಟ್ಟಳು.